ಪೆಡಲಿಗೆ ಕಟ್ಟಿದ ಬಿಳಿ ಬಟ್ಟೆ

ಗೆಳೆಯರೇ, ಇವತ್ತು ನಮ್ಮ ಮನೆಯಲ್ಲಿ ಕತ್ತರಿ ಹೊರಗೆ ಬಂತು.

ಮಗಳು ಗಂಗಾಳ ಕಾಲುಗಳು ಹುಟ್ಟಿನಿಂದಲೇ ಕಟ್ಟಿಗೆಯಂತೆ ಬಿಗಿ. ದಿನಾ ಸೈಕಲ್ ತುಳಿಸಿದರೆ ಸಡಿಲಾದೀತು ಎಂದು ಬಳ್ಳಾರಿಯ ಡಾಕ್ಟರು ಹೇಳಿದ್ದರು. ಬೆಳಿಗ್ಗೆ ಕುರುಗೋಡಿನ ನಮ್ಮ ಅಂಗಳದಲ್ಲಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಸೀಟು ಇಳಿಸಿ ಕೂರಿಸಿದೆ. ಪಾದಗಳು ಜಾರುತ್ತಿದ್ದವು. ಕಂಟ್ರೋಲ್ ಅಂಗಡಿಯಲ್ಲಿ ರೇಷನ್ನಿಗೆ ಸಿಕ್ಕಿದ್ದ ಬಿಳಿ ಬಟ್ಟೆ ಹರಿದು ಪಾದಗಳನ್ನು ಪೆಡಲಿಗೆ ಕಟ್ಟಿದೆ. ಒಂದು ಕೈಯಲ್ಲಿ ಅವಳ ಬೆನ್ನು ಹಿಡಿದು, ಇನ್ನೊಂದರಲ್ಲಿ ಪೆಡಲು ತಿರುಗಿಸತೊಡಗಿದೆ.

ಒಳಗಿನಿಂದ ಅದನ್ನು ನೋಡಿದ ನಮ್ಮವ್ವ ಕತ್ತರಿ ಹಿಡಿದು ಓಡಿಬಂದಳು.

“ಬಿಳಿ ಬಟ್ಟಿಲೆ ಕಾಲು ಕಟ್ಟೋದು ಹೆಣಕ್ಕ, ಲೇ! ಬದುಕಿರೋ ಕೂಸಿಗೆ ಕಟ್ಟೀಯಲ್ಲ!”

“ಅವ್ವಾ, ಚಕ್ರ ತಿರಗಾಕ ಹತ್ತೈತಿ, ಕೈ ಹಾಕಬ್ಯಾಡ!”

ಕೇಳಲಿಲ್ಲ. ಕತ್ತರಿ ಚಕ್ರದ ಕಡ್ಡಿಗಳ ಹತ್ತಿರವೇ ಹೋಯಿತು. ಬೆನ್ನು ಬಿಟ್ಟರೆ ಮಗಳು ಬೀಳುತ್ತಾಳೆ. ಪೆಡಲು ಬಿಟ್ಟು ಅವ್ವನ ಕೈ ಹಿಡಿದೆ.

ಪೆಡಲು ನಿಲ್ಲಲಿಲ್ಲ. ಗಂಗಾ ಹಲ್ಲು ಕಚ್ಚಿಕೊಂಡು ತಾನೇ ಅರ್ಧ ಸುತ್ತು ತುಳಿದಿದ್ದಳು.

ಅವ್ವ ನೋಡಿದಳು. ಆದರೂ ಬಿಳಿ ಬಟ್ಟೆಯನ್ನು ಕತ್ತರಿಸಿಯೇ ಬಿಟ್ಟಳು. ಒಳಗೆ ಹೋಗಿ ಟ್ರಂಕಿನಲ್ಲಿಟ್ಟಿದ್ದ ತನ್ನ ಮದುವೆಯ ಹಸಿರು ಸೀರೆಯ ಸೆರಗು ಹರಿದು ತಂದು, ಮೊಮ್ಮಗಳ ಎರಡೂ ಪಾದಗಳನ್ನು ಪೆಡಲಿಗೆ ತಾನೇ ಕಟ್ಟಿದಳು.

“ಈಗ ತುಳಸು,” ಎಂದಳು.

ನಾಳೆ ಇದೇ ಸೈಕಲ್ ಹತ್ತಿ ನಾನು ಶಾಲೆಗೆ ಪಾಠ ಹೇಳಲು ಹೋಗಬೇಕು. ಪೆಡಲಿನಿಂದ ಸೆರಗು ಬಿಚ್ಚೋಣವೆಂದರೆ, ಕತ್ತರಿ ಮಡಿಲಲ್ಲಿಟ್ಟುಕೊಂಡು ಅವ್ವ ಇನ್ನೂ ಸೈಕಲ್ಲಿನ ಪಕ್ಕದಲ್ಲೇ ಕಾವಲು ಕೂತಿದ್ದಾಳೆ.