ಮೊದಲ ದನಿ ತೆಗೆಯುವ ಗ್ಯಾನಮ್ಮ

ಗುರುಗುಂಟಾದ ಅಂಚಿನಲ್ಲಿ, ಕ್ರೈಸ್ತರ ಸಣ್ಣ ಕೇರಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಪಂಪಮ್ಮನ ಕೂಸು ವಾಂತಿಭೇದಿಯಿಂದ ತೀರಿಕೊಂಡಿದೆ. ತಾಯಿ ಗೋಡೆಗೊರಗಿ ಕೂತಿದ್ದಾಳೆ. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಗ್ಯಾನಮ್ಮ ಕೂಸನ್ನು ತೊಳೆದು ಬಿಳಿ ಬಟ್ಟೆ ಸುತ್ತುತ್ತಾಳೆ. ಆಮೇಲೆ ಪಂಪಮ್ಮನ ಕೊರಳಿಗೆ ಕೈಹಾಕಿ ದನಿ ತೆಗೆಯುತ್ತಾಳೆ: "ಈಗರ ಅಂಬೆಗಾಲು ಇಡಾಕತ್ತಿದ್ದೆಲ್ಲೋ ನನ್ನಪ್ಪಾ, ಹೊಸ್ತಿಲ ದಾಟೂಕಿಂತ ಮದಲ ಎಲ್ಲಿಗೆ ಹೊಂಟಿ?" ಪಂಪಮ್ಮನ ಅಳು ಕಡೆಗೂ ಕಿತ್ತುಕೊಂಡು ಬರುತ್ತದೆ.

ಈ ಸೀಮೆಯವರು ಇದಕ್ಕೆ ಹಾಡ್ಯಾಡಿ ಅಳುವುದು ಎನ್ನುತ್ತಾರೆ. ಇಲ್ಲಿ ಹೆತ್ತವಳು ತಾನಾಗಿ ಶುರು ಮಾಡುವಂತಿಲ್ಲ. ಇನ್ನೊಬ್ಬಳು ಕೊರಳು ತಬ್ಬಿ ಮೊದಲ ಮಾತು ಎತ್ತಬೇಕು. ಹೊಲದ ಕೂಲಿಗೆ ಹೋಗುವ ಗ್ಯಾನಮ್ಮನಿಗೆ ಆ ಕೆಲಸ ಅತ್ತೆಯಿಂದ ಬಂತು. ದೀಕ್ಷಾಸ್ನಾನವಾಗಿ ಕ್ರೈಸ್ತಳಾದ ಮೇಲೂ ಅವಳು ಅದನ್ನು ಬಿಡಲಿಲ್ಲ. ಮಸ್ಕಿಯಿಂದಲೂ ಕರೆ ಬರುತ್ತದೆ, ನಡೆದೇ ಹೋಗುತ್ತಾಳೆ.

ಕ್ರೈಸ್ತ ಸಭೆಯ ಹಿರಿಯರಿಗೆ ಇದು ಇರಿಸುಮುರಿಸು. ಪುನರುತ್ಥಾನ ನಂಬಿದವರೇ ಹೀಗೆ ಬಾಯಿಬಡಿದುಕೊಂಡರೆ ಊರವರು ಏನಂದಾರು ಎಂಬ ಚಿಂತೆ ಅವರಿಗೆ. ಕೂಸಿಗೆ ಅತ್ತರೆ ಅದ್ಯಾವ ನಂಬಿಕೆ ಕೆಟ್ಟೀತೋ! ಇನ್ನೊಮ್ಮೆ ದನಿ ತೆಗೆದರೆ ಆರಾಧನೆಯಲ್ಲಿ ಹಂಚುವ ಪ್ರಭುಭೋಜನದ ರೊಟ್ಟಿ ಸಿಗದು ಎಂದು ಅವಳಿಗೆ ಮೊದಲೇ ಹೇಳಿಟ್ಟಿದ್ದಾರೆ.

ಹಿಂದೊಮ್ಮೆ ಅವಳು ಅವರ ಮಾತು ಕೇಳಿದ್ದಳು. ೧೯೫೨ರಲ್ಲಿ ಸಿಂಧನೂರಿನ ಕಡೆ ಕಾಲುವೆ ಅಗೆಯುವಾಗ ಮಣ್ಣು ಕುಸಿದು ಮಗ ಯೋನಪ್ಪ ಸತ್ತ. "ಗೀತ ಹಾಡ್ರಿ, ಅಳಬ್ಯಾಡ್ರಿ" ಎಂದರು ಹಿರಿಯರು. ಹೆಂಗಸರು ಹಿಂದೆ ಸರಿದರು. ಅವಳ ಕೊರಳಿಗೆ ಒಬ್ಬಳೂ ಕೈಹಾಕಲಿಲ್ಲ. ಎರಡು ವರ್ಷವಾಯಿತು, ಆ ಅಳು ಇನ್ನೂ ಎದೆಯಲ್ಲೇ ಇದೆ.

"ಪರಲೋಕಕ್ಕ ಹೋಗ್ಯಾನ ಅಂದ್ರು," ಎನ್ನುತ್ತಾಳೆ ಕೇಳಿದವರಿಗೆ. "ಹೋಗಿರ್ಲಿ ರೀ, ನಾನೂ ನಂಬೀನಿ. ಖರೇ, ನನ್ನ ಮನಿಯಾಗ ಇಲ್ಲಲ್ಲ?"

ಕೂಸಿನ ಮಣ್ಣಾದ ನಂತರದ ಭಾನುವಾರ ಪ್ರಭುಭೋಜನದ ತಟ್ಟೆ ಗ್ಯಾನಮ್ಮನನ್ನು ಬಿಟ್ಟು ಮುಂದೆ ಹೋಗುತ್ತದೆ. ಅವಳ ಮುಖ ಕಪ್ಪಿಡುತ್ತದೆ. ವಾರವಿಡೀ ಬಿಸಿಲಲ್ಲಿ ಬೇಯುವವಳಿಗೆ ಆ ಒಂದು ತುತ್ತು ಸಣ್ಣದಲ್ಲ. ಆರಾಧನೆ ಮುಗಿಯುವವರೆಗೂ ಎದ್ದು ಹೋಗದೆ ಕೂತಿರುತ್ತಾಳೆ.

"ಸಂಕಟ ಆಗೈತಿ, ಸುಳ್ಳ್ಯಾಕ ಹೇಳಲಿ," ಎನ್ನುತ್ತಾಳೆ ಹೊರಗೆ ಬಂದು. "ಆದ್ರೂ ಕರದ್ರ ನಾ ಹೋಗಾಕೀನ. ನನಗೊಂದ ಆಸೆ ಐತಿ ರೀ. ಯಾರರ ಒಬ್ಬಾಕಿ ಈ ಗುಡಿಯೊಳಗ ನನ್ನ ಯೋನಪ್ಪನ ಹೆಸರು ಹಿಡಿದು ದನಿ ತೆಗೀಲಿ. ದೇವರ ಮುಂದನ ಅಳಬೇಕು ನಾ. ನನ್ನ ಮಗನ್ನ ಯಾಕ ಒಯ್ದಿ ಅಂತ ಆತನ್ನ ಬಿಟ್ಟು ಇನ್ನ್ಯಾರಿಗೆ ಕೇಳ್ಲಿ?"