ಎದುರುಮನೆಯ ಹೈಬ್ರಿಡ್ ತಾಳೆ

ಅಮೆರಿಕದ ಮಾರಿಸ್‌ವಿಲ್‌ನಲ್ಲಿ ನಮ್ಮ ಎದುರುಮನೆಯವರು ಅಂಗಳದಲ್ಲಿ ಒಂದು ತಾಳೆ ಬೆಳೆಸಿದ್ದರು. ದೂರದಿಂದ ತೆಂಗಿನಂತೆ ಕಾಣುವ, ಚಳಿ ತಡೆಯುತ್ತದೆ ಎನ್ನುವ ಹೈಬ್ರಿಡ್. ಯಾರೇ ಬಂದರೂ ಅದರ ಕಾಂಡ ತಟ್ಟಿ, "ಇದು ಕ್ರಾಸ್ ರೀ, ಏನೂ ಆಗಲ್ಲ" ಎನ್ನುತ್ತಿದ್ದರು. ತಮ್ಮ ಮಗಳನ್ನೂ ಅವರು ಅಷ್ಟು ಹೊಗಳಿದ್ದು ನಾನು ಕೇಳಿಲ್ಲ, ಅಥವಾ ಕೇಳಿಸಿಕೊಂಡಿಲ್ಲ.

ಆ ಜನವರಿಯಲ್ಲಿ ಕಡುಚಳಿ ಬರುತ್ತದೆಂದು ತಿಳಿದದ್ದೇ ತಾಳೆಗೆ ಕಂಬಳಿ ಹೊದಿಸಿದರು. ಬೆಚ್ಚಗಿರಲೆಂದು ಒಳಗೆ ದೀಪಾವಳಿಯ ಸೀರಿಯಲ್ ಲೈಟ್ ಸುತ್ತಿದರು. ಇಂಟರ್ನೆಟ್ಟಿನಲ್ಲಿ ಓದಿದ್ದರಂತೆ. ಅಲ್ಲಿ ಹೇಳಿದ್ದು ಬಿಸಿಯಾಗುವ ಹಳೆಯ ಬಲ್ಬು, ಇವರು ಸುತ್ತಿದ್ದು ತಣ್ಣಗಿನ ಎಲ್‌ಇಡಿ. ಅವರ ಹೆಂಡತಿ ಬಾಗಿಲಲ್ಲೇ ನಿಂತು, "ಇನ್ನು ಇದಕ್ಕೆ ಆರತಿ ಒಂದು ಬಾಕಿ" ಎಂದರು.

ಮಾರ್ಚಿನಲ್ಲಿ ಕಂಬಳಿ ಬಿಚ್ಚಿ, ನಡುವಿನ ಸುಳಿಯನ್ನು ಮೆಲ್ಲಗೆ ಎಳೆದು ನೋಡಿದರು. ಅದು ಕೊಳೆತು ಕೈಗೇ ಬಂತು. ಸುಳಿ ಹೋದರೆ ತಾಳೆ ಹೋದಂತೆಯೇ. ಅವರು ಅದನ್ನು ಮತ್ತೆ ಇದ್ದಲ್ಲೇ ಸಿಕ್ಕಿಸಿ, ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದರು.

ನಾನು ಕಿಟಕಿಯಲ್ಲಿದ್ದೆ. ಎಲ್‌ಇಡಿ ಬಿಸಿಯಾಗುವುದಿಲ್ಲವೆಂದು ಲೈಟ್ ಸುತ್ತುವಾಗಲೇ ಅವರಿಗೆ ಹೇಳಿದ್ದೆ ಎಂದು ಈಗ ಎಲ್ಲರೆದುರು ನಗುತ್ತೇನೆ. ಹೇಳಿದ ನೆನಪು ಮಾತ್ರ ನನಗಿಲ್ಲ.