ಮುಟ್ಟದೆ ಓದುವ ಪುಸ್ತಕ

ನಮ್ಮ ಅತ್ತೆ ಪಾರಾಯಣ ಮುಗಿಯದೆ ಬಾಯಿಗೆ ಏನೂ ಹಾಕುವವರಲ್ಲ. ನಾನು ಸೊಸೆಯಾಗಿ ಬಂದ ದಿನದಿಂದ ನೋಡಿದ್ದು ಇದೇ. ಸ್ನಾನ, ಮಡಿ, ಪೂಜೆ, ಆಮೇಲೆ ವ್ಯಾಸಪೀಠದ ಮೇಲೆ ತವರುಮನೆಯಿಂದ ತಂದ ಆ ಹಳೇ ಪುಸ್ತಕ. ಅದರಲ್ಲಿ ಒಂದು ಅಧ್ಯಾಯ ಓದಿ, ಕಣ್ಣಿಗೊತ್ತಿಕೊಂಡು, ರೇಷ್ಮೆ ವಸ್ತ್ರದಲ್ಲಿ ಸುತ್ತಿಟ್ಟ ಮೇಲೆಯೇ ಚಹಾ. ನನ್ನ ಯಜಮಾನರು ಕೂಸಾಗಿದ್ದಾಗ ಜ್ವರ ತಲೆಗೇರಿ ಕೈಬಿಟ್ಟು ಹೋಗುವ ಹಾಗಾಗಿತ್ತಂತೆ. ಆಗ ದೇವರ ಮುಂದೆ ನಿಂತು, ‘ಇವನ್ನ ಉಳಿಸಿಕೊಡು, ನಾ ಇರೂತನಕಾ ದಿನಾ ಓದಿ ಉಣ್ತೀನಿ’ ಅಂದವರು. ಮಗ ಉಳಿದ, ದೊಡ್ಡವನಾದ, ರೈಲ್ವೆ ಸೇರಿದ, ಧಾರವಾಡದಿಂದ ನಾಗಪುರಕ್ಕೆ ವರ್ಗವಾದ. ಮನೆಯ ಸಾಮಾನೆಲ್ಲ ಲಾರಿಯಲ್ಲಿ ಬಂತು. ಪುಸ್ತಕ ಮಾತ್ರ ಅತ್ತೆಯ ತೊಡೆಯ ಮೇಲೆ ಕೂತು ಬಂತು.

ಮನೀಶ್ ನಗರದ ಈ ಮನೆಗೆ ಬಂದ ಮೇಲೆ ಅವರ ಓದು ನಿಧಾನವಾಗುತ್ತ ಹೋಯಿತು. ಮೊದಲು ಕನ್ನಡಕ ಬದಲಾಯಿತು. ಆಮೇಲೆ ಭೂತಗನ್ನಡಿ ಬಂತು. ಆಮೇಲೆ ಮಣೆ ದೇವರ ಮುಂದಿನಿಂದ ಕಿಟಕಿಯ ಹತ್ತಿರಕ್ಕೆ ಹೋಯಿತು. ಮುಂಜಾನೆಯ ಚಹಾ ಸರಿಯುತ್ತ ಸರಿಯುತ್ತ ಊಟದ ಹೊತ್ತಿಗೆ ಬಂದು ಮುಟ್ಟಿತು. ಸಕ್ಕರೆ ಕಾಯಿಲೆಯವರು, ಹೊಟ್ಟೆಗೆ ಬೀಳದೆ ಗುಳಿಗೆ ನುಂಗುವ ಹಾಗಿಲ್ಲ. ನಾನು ಒಗ್ಗರಣೆ ಹಾಕುತ್ತಲೇ ಒಂದು ಕಿವಿ ಆ ಕೋಣೆಯ ಕಡೆ ಇಟ್ಟಿರುತ್ತಿದ್ದೆ. ಓದುವ ದನಿ ನಿಂತರೆ ನನ್ನ ಜೀವವೂ ನಿಂತ ಹಾಗಾಗುತ್ತಿತ್ತು. ಒಂದು ದಿನ ಬೇಸಿಗೆಯಲ್ಲಿ, ಕೂಲರಿನ ಸಪ್ಪಳದಲ್ಲಿ, ದನಿ ನಿಂತದ್ದು ನನಗೆ ಕೇಳಿಸಲೇ ಇಲ್ಲ. ಹೋಗಿ ನೋಡಿದರೆ ಅತ್ತೆ ಗೋಡೆಗೆ ವಾಲಿದ್ದಾರೆ, ಮೈಯೆಲ್ಲ ತಣ್ಣಗೆ ಬೆವತಿದೆ, ಬೆರಳು ಮಾತ್ರ ಓದುತ್ತಿದ್ದ ಸಾಲಿನ ಮೇಲೆಯೇ ಇದೆ.

ಚೇತರಿಸಿಕೊಂಡ ಮೇಲೆ ಕಣ್ಣಿನ ಡಾಕ್ಟರಿಗೆ ತೋರಿಸಿದೆ, ಅವರು ಹಿಂದಿಯಲ್ಲಿ ತಿಳಿಸಿ ಹೇಳಿದರು. ಕಣ್ಣಿನ ನಟ್ಟನಡುವೆ ಮಸುಕು ಬಂದಿದೆ, ಇದಕ್ಕೆ ಕನ್ನಡಕದಲ್ಲಿ ಮದ್ದಿಲ್ಲ. ಕಪ್ಪಿನ ಮೇಲೆ ಬಿಳಿ ಅಕ್ಷರ, ಅದೂ ಅಂಗೈಯಷ್ಟು ದೊಡ್ಡದಾಗಿದ್ದರೆ ಓದಬಹುದು. ಏನೇ ಆಗಲಿ, ಹಸಿದು ಕೂರುವ ಹಾಗಿಲ್ಲ.

ವಾಪಸು ಬರುವಾಗ ಆಟೋದಲ್ಲಿ ಅತ್ತೆ ಅಂದರು, “ಓದಬಹುದು ಅಂದ್ರಲ್ಲ, ಅಷ್ಟು ಸಾಕು.”

“ಹಸಿದು ಕೂಡಬ್ಯಾಡ್ರಿ ಅಂತನೂ ಅಂದ್ರು, ಅತ್ಯಾ.”

“ಅದು ನನಗ ಕೇಳಿಸಲಿಲ್ಲ. ಕಿವಿನೂ ಹೋಗ್ಯಾವ ಏನೋ, ತೋರಿಸಬೇಕು.”

ಮರುದಿನದಿಂದ ನಾನೇ ಓದಿ ಕೇಳಿಸಿದೆ. ಕೈಮುಗಿದು ಕೂತು ಪೂರಾ ಅಧ್ಯಾಯ ಕೇಳಿದರು. ಸಂತೋಷದಿಂದ ಚಹಾ ತರಲು ಎದ್ದೆ. ತಿರುಗಿ ಬಂದರೆ ಭೂತಗನ್ನಡಿ ಹಿಡಿದು ಮೊದಲಿನಿಂದ ಶುರು ಮಾಡಿದ್ದಾರೆ.

“ಈಗ ಮುಗೀತಲ್ಲ, ಅತ್ಯಾ?”

“ನಿಂದು ಮುಗೀತು. ನಂದೆಲ್ಲಿ ಶುರುವಾಗಿತ್ತು?”

ಯಜಮಾನರು ಮೊಬೈಲಿನಲ್ಲಿ ಯಾರೋ ಇಂಪಾಗಿ ಓದಿದ್ದನ್ನು ಹಚ್ಚಿಕೊಟ್ಟರು. ಅದಕ್ಕೂ ಕೈಮುಗಿದರು. “ಛಲೋ ಓದ್ಯಾನ. ಆದ್ರ ಕೇಳೂದು ಶ್ರವಣ, ಓದೂದು ಪಾರಾಯಣ. ನಾ ಮಾತು ಕೊಟ್ಟದ್ದು ಓದ್ತೀನಿ ಅಂತ.” ಹಾಗಾದರೆ ಎಲ್ಲ ಬಾಯಿಪಾಠ ಇದೆಯಲ್ಲ, ಕಣ್ಣುಮುಚ್ಚಿ ಹೇಳಿಬಿಡಿ ಅಂದರೆ ಅದಕ್ಕೂ ಉತ್ತರ ತಯಾರಿತ್ತು. “ಬಾಯಿಪಾಠ ಹೇಳೂವಾಗ ಬಾಯಿ ದೇವರ ಮುಂದ ಇರ್ತದ, ಮನಸ್ಸು ಸೀತಾಬರ್ಡಿ ಬಜಾರದಾಗ ಇರ್ತದ. ಕಣ್ಣಿಗೆ ಕೆಲಸ ಕೊಟ್ರನ ಅದು ಮನೀಗೆ ಬರೂದು.”

ಯಜಮಾನರು ಸಿಟ್ಟಾದರು. “ಅವ್ವಾ, ನನ್ನ ಸಲುವಾಗಿ ಕಟ್ಟಿದ ಹರಕಿಗೆ ನೀನೇ ಹೋದ್ರ ನಾ ಉಳಿದು ಏನ ಮಾಡ್ಲಿ?” ಅಂದರು. ಅತ್ತೆ ಭೂತಗನ್ನಡಿಯನ್ನು ಸೆರಗಿನಿಂದ ಒರೆಸತೊಡಗಿದರು. ಆವತ್ತು ಅವರಿಬ್ಬರ ಮುಖ ನೋಡಿ ನನಗೆ ಅನ್ನಿಸಿದ್ದು ಇಷ್ಟೇ: ಇವರ ಹಟ ಬಿಡಿಸುವುದು ನನ್ನ ಕೈಲಾಗುವ ಮಾತಲ್ಲ. ಅಕ್ಷರ ದೊಡ್ಡದು ಮಾಡುವುದು ಆದರೂ ಆದೀತು.

ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇತ್ತು. ನನಗೆ ಅದರಲ್ಲಿ ಬರುತ್ತಿದ್ದದ್ದು ಕರೆಂಟ್ ಬಿಲ್ ಕಟ್ಟುವುದು, ಎರಡು ಬೆರಳಿನಲ್ಲಿ ಕನ್ನಡ ಟೈಪು ಮಾಡುವುದು. ಹಾಗೇ ಟೈಪು ಮಾಡಿಬಿಡೋಣ ಅಂತ ಕೂತೆ. ಮಧ್ಯಾಹ್ನವಿಡೀ ಕುಟ್ಟಿದರೂ ಒಂದು ಪುಟ ಮುಗಿಯಲಿಲ್ಲ. ಹಿಟ್ಟು ಕೇಳಲು ಬಂದ, ಚಿಕ್ಕಮ್ಮನ ವಯಸ್ಸಿನ ಮೇಲಿನ ಮನೆಯ ಮಾವಶಿ ನನ್ನ ಅವಸ್ಥೆ ನೋಡಿ ನಕ್ಕರು. ಅವರು ಮರಾಠಿಯವರು, ಮನೆಯಲ್ಲೇ ಕೂತು ಅಂಗಡಿಯವರ ಲೆಕ್ಕಪತ್ರ ಟೈಪು ಮಾಡಿಕೊಡುವವರು. ಪುಸ್ತಕದ ಫೋಟೋ ತೆಗೆದು ಕೊಟ್ಟರೆ ಅದರೊಳಗಿನ ಅಕ್ಷರವನ್ನೆಲ್ಲ ಹೆಕ್ಕಿಕೊಡುವ ಸಾಧನ ಒಂದಿದೆ, ಕನ್ನಡವೂ ಬರುತ್ತದೆ ಅಂದರು. “ಅಗ, ಫುಕಟ್ ಆಹೇ!” ಅಂತ ಕೈ ತಿರುವಿದರು, ಪುಕ್ಕಟೆ ಇದ್ದದ್ದಕ್ಕೆ ಯಾಕೆ ಒದ್ದಾಡುತ್ತಿ ಅನ್ನುವ ಹಾಗೆ.

ಫೋಟೋ ತೆಗೆಯುವುದೇ ಒಂದು ಸಮಾರಂಭವಾಯಿತು. ಪುಸ್ತಕ ಮಡಿಯದ್ದು, ಮೊಬೈಲು ಮೈಲಿಗೆ. ಅತ್ತೆ ಮಡಿಯಲ್ಲಿ ಕೂತು ಹಾಳೆ ತಿರುವಿದರು. ನಾನು ಸೆರಗು ಸೊಂಟಕ್ಕೆ ಸಿಗಿಸಿ, ಮೇಲಿನಿಂದ ಬಗ್ಗಿ, ಏನನ್ನೂ ಮುಟ್ಟದೆ ಫೋಟೋ ತೆಗೆದೆ.

“ಸರಿಯಾಗಿ ನಿಲ್ಲು, ನಿನ್ನ ನೆರಳು ಬೀಳ್ತದ.”

“ಮುಟ್ಟಬ್ಯಾಡ ಅಂದ್ರ ಗಾಳಿಯೊಳಗ ಜೋತುಬೀಳಲೇನು?”

“ಬೀಳು. ದೇವರ ಕೆಲಸಕ್ಕ ಬಿದ್ರ ಪುಣ್ಯ ಬರ್ತದ.”

ತೆಗೆದ ಫೋಟೋಗಳು ಸೊಟ್ಟಗಿದ್ದವು, ಅರ್ಧಕ್ಕರ್ಧ ನೆರಳು. ಆದರೆ ಅದಕ್ಕೂ ಒಂದು ಪುಕ್ಕಟೆ ಸಾಧನ ಇತ್ತು. ಹಾಳೆಯ ನಾಲ್ಕು ಮೂಲೆಯನ್ನು ತಾನೇ ಗುರುತಿಸಿ, ಇಸ್ತ್ರಿ ಹಾಕಿದ ಹಾಗೆ ನೆಟ್ಟಗೆ ಮಾಡಿ, ನನ್ನ ನೆರಳನ್ನು ಒರೆಸಿ ಹಾಕಿತು. ಅಕ್ಷರ ಹೆಕ್ಕುವ ಸಾಧನಕ್ಕೆ ಅವನ್ನು ಕೊಟ್ಟು ಕುಕ್ಕರ್ ಇಳಿಸಲು ಹೋದೆ. ಬರುವಷ್ಟರಲ್ಲಿ ಅಧ್ಯಾಯಕ್ಕೆ ಅಧ್ಯಾಯವೇ ಪರದೆಯ ಮೇಲೆ ಅಕ್ಷರವಾಗಿ ನಿಂತಿತ್ತು. ನಾನು ನಿಂತಲ್ಲೇ ಕೈಮುಗಿದೆ. ಯಾರಿಗೆ ಮುಗಿದೆ ಅಂತ ಗೊತ್ತಿಲ್ಲ, ಕೈ ತಾನೇ ಜೋಡಿಸಿಕೊಂಡಿತು.

ತಪ್ಪುಗಳಿದ್ದವು. ಅಧ್ಯಾಯದ ಕೊನೆಯಲ್ಲಿ ಅಚ್ಚು ಹಾಕಿದ ಹೂಬಳ್ಳಿಯನ್ನು ಅದು ಸೊನ್ನೆ ಅಂತ ತಿಳಿದು ಸಾಲುಸಾಲು ಸೊನ್ನೆ ಬರೆದಿತ್ತು. ಹುಡುಕಿ ಬದಲಿಸುವ ಒಂದು ಸೌಕರ್ಯ ಇರುತ್ತದಲ್ಲ, ಅದರಲ್ಲಿ ಸೊನ್ನೆಯನ್ನೆಲ್ಲ ತೆಗೆದುಬಿಡು ಅಂದೆ. ಕಣ್ಣು ಮಿಟುಕಿಸುವುದರೊಳಗೆ ತೆಗೆಯಿತು. ಆದರೆ ಶಬ್ದಗಳ ಒಳಗಿನ ಸೊನ್ನೆಗಳನ್ನೂ ಗುಡಿಸಿಕೊಂಡು ಹೋಯಿತು. ಗಂಗೆಯಿಲ್ಲ, ಶಂಖವಿಲ್ಲ, ಮಂಗಳವೂ ಇಲ್ಲ. ಪಾಪದ ಕೆಲಸವಾಯಿತಲ್ಲ ಅಂತ ಗಲ್ಲ ಬಡಿದುಕೊಂಡೆ. ಮಾಡಿದ್ದನ್ನು ವಾಪಸು ತೆಗೆದುಕೊಳ್ಳುವ ಕೀಲಿ ನೆನಪಾಗಿ ಒತ್ತಿದೆ. ಅಷ್ಟೂ ಸೊನ್ನೆ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಆ ಕೀಲಿಯನ್ನು ಕಂಡುಹಿಡಿದವರ ಹೊಟ್ಟೆ ತಣ್ಣಗಿರಲಿ. ಒಲೆಯ ಮೇಲೆ ಹಾಲು ಉಕ್ಕಿದ್ದಕ್ಕೆ, ಬಾಯಿ ತಪ್ಪಿ ಆಡಿದ್ದಕ್ಕೆ ಇಂಥದೊಂದು ಕೀಲಿ ಇಲ್ಲ. ಕಂಪ್ಯೂಟರಿನಲ್ಲಾದರೂ ಇದೆ, ಇದು ಸಣ್ಣ ಕೃಪೆಯಲ್ಲ. ಆಮೇಲೆ ಬುದ್ಧಿ ಬಂದು, ಮೂರು ಸೊನ್ನೆ ಒಟ್ಟಿಗಿದ್ದರೆ ಮಾತ್ರ ತೆಗೆ ಅಂದೆ. ಹೂಬಳ್ಳಿ ಹೋಯಿತು, ಗಂಗೆ ಉಳಿಯಿತು.

ಕಪ್ಪು ಪರದೆ ಮಾಡಿ, ಬಿಳಿ ಅಕ್ಷರ ಹಿಗ್ಗಿಸಿ, ಮೇಜಿನ ಮೇಲಿಟ್ಟು ಸುಮ್ಮನೆ ಬಿಟ್ಟೆ. ಅತ್ತೆ ನೀರಿನ ತಂಬಿಗೆ ಹಿಡಿದು ಆ ಕಡೆಯಿಂದ ಹಾಯ್ದು ಹೋಗುವಾಗ ಬಾಗಿಲಲ್ಲೇ ನಿಂತರು. ಬಾಯಿ ಅಲ್ಲಾಡಿತು. ಒಂದು ಸಾಲು, ಇನ್ನೊಂದು ಸಾಲು. ಭೂತಗನ್ನಡಿ ಇಲ್ಲದೆ, ಬೆರಳಿಲ್ಲದೆ.

“ಇದು ನನ್ನ ಪುಸ್ತಕ,” ಅಂದರು.

“ಹೌದ್ರಿ. ನಾಳೆ ಇದರಾಗ ಓದ್ರಿ.”

ಮುಖ ಅರಳಿದ್ದು ಹಾಗೇ ಬಾಡಿತು. “ಅದನ್ನ ಮುಟ್ಟಾಂಗಿಲ್ಲಲ್ಲ ತಂಗಿ. ನಿನ್ನ ಗಂಡ ಅದರ ಮ್ಯಾಲ ಅವಲಕ್ಕಿ ಚೂಡಾ ತಿಂತಾನ.”

ಇದು ನನ್ನ ತಲೆಗೇ ಬಂದಿರಲಿಲ್ಲ. ಅಕ್ಷರ ಅಂಗೈಯಷ್ಟು ದೊಡ್ಡದಾದ ಮೇಲೆ ಪರದೆಯಲ್ಲಿ ಹಿಡಿಸುವುದು ಎರಡು ಮೂರು ಸಾಲು. ಮುಂದಿನ ಸಾಲು ಬೇಕಾದರೆ ಕೀಲಿ ಒತ್ತಬೇಕು. ಅವರು ಮಡಿಯಲ್ಲಿ ಒತ್ತುವ ಹಾಗಿಲ್ಲ. ನಾನು ಒತ್ತುತ್ತ ಕೂತರೆ ಯಜಮಾನರ ಊಟದ ಡಬ್ಬಿ ಯಾರು ಕಟ್ಟಬೇಕು? ಮರುದಿನ ಅತ್ತೆ ಅದಕ್ಕೂ ಉಪಾಯ ಮಾಡಿದರು. ತೀರ್ಥದ ಬೆಳ್ಳಿಯ ಉದ್ಧರಣೆ ತಿರುಗಾಮುರುಗಾ ಹಿಡಿದು ಅದರ ತುದಿಯಿಂದ ಕೀಲಿ ಒತ್ತಿದರು. ಒತ್ತಿದವರು ಬಿಡಲಿಲ್ಲ. ಅಧ್ಯಾಯವೆಲ್ಲ ಸರ್ರನೆ ಓಡಿ ಕೊನೆಯ ಮಂಗಳಕ್ಕೆ ಹೋಗಿ ನಿಂತಿತು.

“ಮುಗೀತಂತ ನೋಡ್ರಿ,” ಅಂದೆ, ನಗು ತಡೆಯಲಾರದೆ.

“ಇಷ್ಟು ಜಲ್ದಿ ಪುಣ್ಯ ಬಂದ್ರ ಅದು ಪಚನ ಆಗೂದಿಲ್ಲ,” ಅಂದರು. ಅವರೂ ನಕ್ಕರು. ಆದರೆ ಆ ದಿನವೂ ಭೂತಗನ್ನಡಿಯೇ ಗತಿಯಾಯಿತು. ಚಹಾ ಮತ್ತೆ ಊಟದ ಹೊತ್ತಿಗೆ ಹೋಯಿತು.

ದೇವರ ಮೇಲೆ ಭಾರ ಹಾಕಿ ಹುಡುಕಿದೆ. ಮುಟ್ಟದೆ ಓದುವುದು ಹೇಗೆ ಅಂತ ಯಾರನ್ನು ಕೇಳುವುದು? ಕೊನೆಗೆ ಸಿಕ್ಕಿತು. ಒಂದು ಸಣ್ಣ ಸಾಫ್ಟ್‌ವೇರ್, ಅದೂ ಪುಕ್ಕಟೆ. ವೇದಿಕೆಯ ಮೇಲೆ ನಿಂತು ಭಾಷಣ ಓದುವವರಿಗೆಂದು ಮಾಡಿದ್ದಂತೆ. ಅದಕ್ಕೆ ಅಕ್ಷರ ತುಂಬಿ ಒಂದು ಸಲ ಗುಂಡಿ ಒತ್ತಿದರೆ ಸಾಕು, ಸಾಲುಗಳು ತಾವೇ ಮೆಲ್ಲಗೆ ಮೇಲೆ ಸರಿಯುತ್ತ ಹೋಗುತ್ತವೆ. ಭಾಷಣಕಾರರ ಸಲುವಾಗಿ ಮಾಡಿದ್ದು ನಮ್ಮ ಅತ್ತೆಯ ಮಡಿಗೆ ಬರೋಬರ್ ಕೂತಿತು. ಮಾಡಿದವರಿಗೆ ಮಡಿ ಅಂದರೆ ಏನೆಂದು ಗೊತ್ತಿತ್ತೋ ಇಲ್ಲವೋ. ಮಾಡಿಸಿದವನಿಗೆ ಗೊತ್ತಿತ್ತು.

ಯಜಮಾನರಿಗೆ ಅನುಮಾನ. “ಪುಕ್ಕಟೆ ಯಾಕ ಕೊಡ್ತಾರ? ಏನರ ಹಿಕಮತ್ತು ಇರಬೇಕು.”

ಮಾವಶಿಯೂ ನೋಡಿ ಭರವಸೆ ಕೊಟ್ಟ ಮೇಲೆಯೇ ನಾನದನ್ನು ಇಳಿಸಿಕೊಂಡಿದ್ದೆ. ಆದರೂ ಯಜಮಾನರ ಮಾತು ಮನಸ್ಸಿನಲ್ಲಿ ಉಳಿಯಿತು. ಮರುದಿನ ತರಕಾರಿಗೆ ಹೋದಾಗ ರಸ್ತೆಯ ಬದಿಯ ಪಾಣಪೋಯಿ ಕಂಡಿತು. ನಾಗಪುರದ ಬಿಸಿಲಿಗೆ ಯಾರೋ ಚಪ್ಪರ ಹಾಕಿ, ಮಣ್ಣಿನ ಗಡಿಗೆಗಳಿಗೆ ಕೆಂಪು ಬಟ್ಟೆ ಒದ್ದೆ ಮಾಡಿ ಸುತ್ತಿ, ನೀರು ತುಂಬಿಸಿ ಇಡುತ್ತಾರಲ್ಲ, ಅದು. ರಿಕ್ಷಾದವನು ಕುಡಿದ, ಶಾಲೆಯ ಹುಡುಗಿಯರು ಕುಡಿದರು, ನಾನೂ ಕುಡಿದೆ. ಇದರಲ್ಲೇನು ಹಿಕಮತ್ತಿದೆ ಅಂತ ಯಾರೂ ಕೇಳಲಿಲ್ಲ. ಎಲ್ಲೋ ಕೂತು, ತಮ್ಮ ನಿದ್ದೆ ಬಿಟ್ಟು, ಗುರುತಿಲ್ಲದವರ ಹೊತ್ತು ಉಳಿಯಲಿ ಅಂತ ಈ ಪುಕ್ಕಟೆ ಸಾಧನಗಳನ್ನು ಮಾಡಿಟ್ಟವರೂ ಗಡಿಗೆ ತುಂಬಿದವರೇ. ಮನೆಗೆ ಬಂದು ಯಜಮಾನರಿಗೆ ಹಾಗೇ ಹೇಳಿದೆ. “ಹಂಗಂದ್ರ ಹಂಗs ಆಗ್ಲಿ,” ಅಂದರು. ಆವತ್ತಿನಿಂದ ಚೂಡಾದ ಬಟ್ಟಲು ಲ್ಯಾಪ್‌ಟಾಪಿನ ಹತ್ತಿರ ಬಂದಿಲ್ಲ. ಅದೂ ಒಂದು ಲಾಭವೇ.

ಮೊದಲ ದಿನ ಅತ್ತೆ ಸ್ನಾನಕ್ಕೆ ಹೋದಾಗ ಎಲ್ಲ ಹೊಂದಿಸಿ, ಅವರ ಮಣೆಯಿಂದ ದೂರಕ್ಕೆ ಸ್ಟೂಲಿನ ಮೇಲಿಟ್ಟೆ. ಅವರು ಪೂಜೆ ಮುಗಿಸಿ ಕೂತರು. ವ್ಯಾಸಪೀಠದ ಮೇಲೆ ಪುಸ್ತಕವನ್ನು ಎಂದಿನ ಹಾಗೆ ಬಿಚ್ಚಿ, ಅದೇ ಅಧ್ಯಾಯ ತೆಗೆದು, ಹೂ ಏರಿಸಿದರು. ನಾನು ಗುಂಡಿ ಒತ್ತಿ ಹಿಂದೆ ಸರಿದೆ. ಅಕ್ಷರಗಳು ಏರತೊಡಗಿದವು. ಅತ್ತೆ ಓದತೊಡಗಿದರು, ಆಮೇಲೆ ಓಡತೊಡಗಿದರು. ಉಸಿರು ಸಾಲದೆ ಕೈ ಎತ್ತಿಬಿಟ್ಟರು.

“ನಿಲ್ಲಸs! ಮೇಲ್ ಗಾಡಿ ಹಚ್ಚೀ ಏನು? ನಂದು ಪ್ಯಾಸೆಂಜರ್ ಗಾಡಿ ಅದವಾ, ಎಲ್ಲಾ ಸ್ಟೇಶನ್ನಿನ್ಯಾಗ ನಿಂತು ಹೋಗ್ತದ.”

ವೇಗ ಇಳಿಸಿದೆ. ಇನ್ನೂ ಇಳಿಸಿದೆ. ಅವರ ಉಸಿರಿಗೆ ಅದು ಹೊಂದಿತು. ನಾನು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದೆ. ಒಂದು ಕಿವಿ ಎಂದಿನ ಹಾಗೆ ಆ ಕಡೆಗಿತ್ತು. ದನಿ ಎಲ್ಲೂ ತಡವರಿಸಲಿಲ್ಲ. ಧಾರವಾಡದ ಮನೆಯಲ್ಲಿ ಕೇಳುತ್ತಿದ್ದ ಅದೇ ರಾಗ, ಅದೇ ಏರಿಳಿತ. ಚಪಾತಿಯ ಹಿಟ್ಟು ನಾದುತ್ತಿದ್ದಾಗಲೇ ಮಂಗಳದ ಸಾಲು ಕೇಳಿಸಿತು. ನಂಬದೆ ಹೊರಗೆ ಬಂದು ನೋಡಿದೆ. ಕಿಟಕಿಯ ಬಿಸಿಲು ಇನ್ನೂ ಎಳೆಯದಿತ್ತು.

ಆದರೂ ಒಂದು ಅಳುಕು. ಇದನ್ನು ಪಾರಾಯಣ ಅಂತ ಒಪ್ಪುತ್ತಾರೋ, ಇಲ್ಲ ಮತ್ತೆ ಭೂತಗನ್ನಡಿ ಹಿಡಿಯುತ್ತಾರೋ? ಕೇಳಿಯೇಬಿಟ್ಟೆ.

ಅತ್ತೆ ಬೆರಳು ಮಡಿಸಿ ಎಣಿಸಿದರು. “ಕಣ್ಣು ಓದಿದ್ವು, ಬಾಯಿ ಆಡ್ತು, ಮನಸ್ಸು ಮನ್ಯಾಗ ಇತ್ತು. ಕೈಗೆ ಮಾತ್ರ ಕೆಲಸ ಇರ್ಲಿಲ್ಲ. ನಾ ಕೈ ಸಲುವಾಗಿ ಹರಕಿ ಕಟ್ಟಿಲ್ಲಲ್ಲ.” ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ರೇಷ್ಮೆಯಲ್ಲಿ ಸುತ್ತಿದರು. ಆಮೇಲೆ ಉದ್ಧರಣೆಯಲ್ಲಿ ನೀರು ತೆಗೆದುಕೊಂಡರು. ಮನೆಯವರ ಹೆಸರು, ಗೋತ್ರ ಹೇಳಿ ಎಲ್ಲರಿಗೂ ಒಳ್ಳೆಯದಾಗಲಿ ಅಂತ ನೀರು ಬಿಡುವುದು ಅವರ ಪದ್ಧತಿ. ಬಿಡುವ ಮುಂಚೆ ನನ್ನ ಕಡೆ ತಿರುಗಿದರು.

“ಈ ಅಕ್ಷರ ಸರಿಸೂದು ಮಾಡಿದವರ ಹೆಸರೇನು?”

“ಗೊತ್ತಿಲ್ರಿ. ಅವರು ಹೆಸರು ಬರದಿಲ್ಲ.”

“ಗೋತ್ರ?”

“ಅತ್ಯಾ, ಅವರು ಯಾವ ದೇಶದವರೋ!”

“ಗೋತ್ರ ಗೊತ್ತಿಲ್ಲದವರಿಗೆಲ್ಲಾ ಕಾಶ್ಯಪ ಗೋತ್ರ. ಶಾಸ್ತ್ರದಾಗs ಅದ,” ಅಂದರು. ಆ ಹೆಸರಿಲ್ಲದವರನ್ನು ಕಾಶ್ಯಪ ಗೋತ್ರಕ್ಕೆ ಸೇರಿಸಿ, ಹೊತ್ತಿಗೆ ಸರಿಯಾಗಿ ಅವರ ಹೊಟ್ಟೆಗೂ ಊಟ ಬೀಳಲಿ ಅಂತ ಬೇಡಿಕೊಂಡು, ನೀರು ಬಿಟ್ಟರು. ದಿನವೂ ಬಿಡುತ್ತಾರೆ, ಒಂದು ದಿನವೂ ಮರೆತಿಲ್ಲ.

ಆವತ್ತು ನೀರು ಬಿಟ್ಟವರು ಮಣೆಯಿಂದ ಎದ್ದು, ಗೋಡೆ ಹಿಡಿಯದೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ಏನವಾ, ಚಹಾ ಆಗಿಲ್ಲಾ ಇನ್ನೂ? ಪಾರಾಯಣ ಮುಗಿದು ಎಷ್ಟೊತ್ತಾತು!”

ಇಷ್ಟು ಬೇಗ ಮುಗಿಯಬಹುದೆಂದು ನಾನು ಚಹಾಕ್ಕೆ ಇಟ್ಟೇ ಇರಲಿಲ್ಲ. ಬೈಸಿಕೊಂಡು, ನಗುತ್ತ, ಪಾತ್ರೆ ಒಲೆಗಿಟ್ಟೆ.